ಒತ್ತಿದಷ್ಟೂ ಬೆರಳು ಕಿವುಡು

ಮೂಳೆ, ಕೀಲು, ಸ್ನಾಯುಗಳನ್ನು ಕೈಯಿಂದಲೇ ಪರೀಕ್ಷಿಸಿ ಚಿಕಿತ್ಸೆ ಮಾಡುವ ಆಸ್ಟಿಯೋಪಥಿಯ ಮೊದಲ ದಿನದ ಪಾಠಕ್ಕೆ ಬೇಕಾಗಿದ್ದು ಒಂದೆಳೆ ಕೂದಲು ಮತ್ತು ಒಂದಿಷ್ಟು ಬಿಳಿ ಹಾಳೆ. ಜೊತೆಗಾರರು ಕೂದಲನ್ನು ಮೇಜಿನ ಮೇಲೆ ಎಲ್ಲೋ ಮಲಗಿಸಿ ಮೇಲೊಂದು ಹಾಳೆ ಮುಚ್ಚುತ್ತಾರೆ. ಅದು ಎಲ್ಲಿದೆ, ಯಾವ ದಿಕ್ಕಿಗೆ ಚಾಚಿದೆ ಎಂಬುದನ್ನು ನಾವು ಕಣ್ಣು ಮುಚ್ಚಿಕೊಂಡು ಬೆರಳಿನಿಂದ ಹುಡುಕಿ ಹೇಳಬೇಕು. ಸಿಕ್ಕರೆ ಇನ್ನೊಂದು ಹಾಳೆ, ಅದರ ಮೇಲೂ ಸಿಕ್ಕರೆ ಮತ್ತೊಂದು.

ಅಷ್ಟು ಹೊತ್ತಿಗೆ ನಾನು ಎಂಟು ವರ್ಷ ಫಿಸಿಯೋಥೆರಪಿ ಮಾಡಿದ್ದವನು. ದಿನಕ್ಕೆ ಹತ್ತು ಹದಿನೈದು ಜನರ ಬೆನ್ನು, ಮಂಡಿ, ಭುಜಗಳನ್ನು ಮುಟ್ಟಿ ಪಳಗಿದ ಕೈ ಎಂಬ ಜಂಬ ಬೇರೆ. ಮೂರನೆಯ ಹಾಳೆಗೇ ಕೂದಲು ಮಾಯವಾಯಿತು. ಪಕ್ಕದಲ್ಲಿದ್ದಾಕೆ ಚಿಕ್ಕಂದಿನಿಂದ ಪಿಟೀಲು ನುಡಿಸಿದವಳಂತೆ, ಏಳನೆಯ ಹಾಳೆಯ ಮೇಲೂ ಸರಿಯಾಗಿ ಗೆರೆ ಎಳೆದು ತೋರಿಸಿದಳು. ನಾನು ಹಟಕ್ಕೆ ಬಿದ್ದು ಒತ್ತತೊಡಗಿದೆ. ಉಗುರಿನ ತುದಿ ಬೆಳ್ಳಗಾಯಿತು. ಹಿಂದಿನಿಂದ ಬಂದ ಮೇಡಂ ನನ್ನ ಮಣಿಕಟ್ಟನ್ನು ಹಿಡಿದು ಮೇಲೆತ್ತಿದರು. "ಒತ್ತಿದಷ್ಟೂ ಬೆರಳು ಕಿವುಡಾಗುತ್ತದೆ. ಮೊದಲು ಕೈಯ ಭಾರ ತೆಗೆಯಿರಿ" ಎಂದರು. ಭಾರ ತೆಗೆದು, ಬೆರಳನ್ನು ತೇಲಿಸಿದಂತೆ ಆಡಿಸಿದಾಗ ಐದನೆಯ ಹಾಳೆಯ ಮೇಲೆ ಏನೋ ಸಣ್ಣಗೆ ತಡೆಯಿತು. ಅದು ಕೂದಲೇ ಆಗಿತ್ತು.

ಈ ಓದಿಗೆ ನಾನು ಬಂದದ್ದು ಒಂದು ಅಸಮಾಧಾನದಿಂದ. ಸೊಂಟ ಹಿಡಿದುಕೊಂಡಿದೆ ಎಂದು ಬಂದವರಿಗೆ ಒಂದೇ ಬಗೆಯ ವ್ಯಾಯಾಮದ ಹಾಳೆ ಕೊಟ್ಟು ಕಳುಹಿಸುವುದು ಬೇಸರ ತರಿಸಿತ್ತು. ಕೈಯಿಂದ ಇನ್ನಷ್ಟು ತಿಳಿಯಬಹುದು, ಇನ್ನಷ್ಟು ಮಾಡಬಹುದು ಎಂದು ಅನ್ನಿಸುತ್ತಿತ್ತು. ಆಗಲೇ ವೈದ್ಯಕೀಯ ಹಿನ್ನೆಲೆ ಇದ್ದವರಿಗಾಗಿ ಇದ್ದ ನಾಲ್ಕು ವರ್ಷದ ಅರೆಕಾಲಿಕ ಕೋರ್ಸಿಗೆ ಸೇರಿದೆ. ಆ ಹಿನ್ನೆಲೆ ಇಲ್ಲದವರಿಗೆ ಹಾದಿ ಇನ್ನೂ ಉದ್ದ: ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಹೊರಡಿಸಿದ ತರಬೇತಿ ಮಾನದಂಡ 4200 ಗಂಟೆಗಳ ಕಲಿಕೆಯನ್ನು ಹೇಳುತ್ತದೆ, ಅದರಲ್ಲಿ ಕನಿಷ್ಠ 1000 ಗಂಟೆ ಹಿರಿಯರ ಕಣ್ಣೆದುರು ರೋಗಿಗಳ ಜೊತೆ ಕಳೆಯಬೇಕು. ವಾರಾಂತ್ಯದ ಶಿಬಿರ ಮುಗಿಸಿ ಬೆನ್ನು ತಿರುಚುವವರನ್ನು ಕಂಡಾಗ ನನಗೆ ಈ ಅಂಕಿ ನೆನಪಾಗುತ್ತದೆ.

ಚರಿತ್ರೆಯ ತರಗತಿಯಲ್ಲಿ ನಾನು ಅರ್ಧ ಕಿವಿ ಕೊಟ್ಟು ಕೂತಿದ್ದೆ, ಆದರೆ ಆಂಡ್ರ್ಯೂ ಟೇಲರ್ ಸ್ಟಿಲ್ ಕಥೆ ಪೂರ್ತಿ ಕೇಳಿಸಿಕೊಳ್ಳುವಂತೆ ಮಾಡಿತು. ಅಮೆರಿಕದ ಗಡಿನಾಡಿನ ವೈದ್ಯ. 1864ರಲ್ಲಿ ಮಿದುಳು ಪೊರೆಯ ಉರಿಯೂತ ಅವನ ಮೂವರು ಮಕ್ಕಳನ್ನು ಕಿತ್ತುಕೊಂಡಿತು, ಅಂದಿನ ಔಷಧಿಗಳು ಏನೂ ಮಾಡಲಾಗಲಿಲ್ಲ. ಪಾದರಸ, ಅಫೀಮುಗಳ ಕಾಲ ಅದು. ಔಷಧಿಯ ಮೇಲೆ ನಂಬಿಕೆ ಕಳೆದುಕೊಂಡವನು 1874ರಲ್ಲಿ ಆಸ್ಟಿಯೋಪಥಿ ಎಂಬ ತನ್ನ ಹೊಸ ಪದ್ಧತಿಯನ್ನು ಸಾರಿದ. 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಶಾಲೆ ತೆರೆದು, ಮೊದಲ ತಂಡದಲ್ಲೇ ಹೆಣ್ಣುಮಕ್ಕಳನ್ನೂ ಸೇರಿಸಿಕೊಂಡ. ಮೂಳೆಗಳು ನೆಟ್ಟಗಿದ್ದರೆ ರಕ್ತ ಸರಾಗವಾಗಿ ಹರಿಯುತ್ತದೆ, ರಕ್ತ ಹರಿದರೆ ರೋಗ ವಾಸಿಯಾಗುತ್ತದೆ ಎಂಬುದು ಅವನ ವಾದ. ಅದು ಆ ಕಾಲದ ತಿಳಿವಳಿಕೆ, ಈಗ ಅದನ್ನು ಹಾಗೆಯೇ ಒಪ್ಪುವಂತಿಲ್ಲ. ಅಮೆರಿಕದಲ್ಲಿ ಇಂದು ಆಸ್ಟಿಯೋಪಥಿ ಪದವೀಧರರು ಶಸ್ತ್ರಚಿಕಿತ್ಸೆಯವರೆಗೆ ಎಲ್ಲವನ್ನೂ ಮಾಡುವ ಪೂರ್ಣ ವೈದ್ಯರು. ಬ್ರಿಟನ್‌ನಲ್ಲಿ 1993ರ ಕಾಯ್ದೆಯಡಿ ನೋಂದಣಿಯಾದವರು ಮುಖ್ಯವಾಗಿ ಕೈಯಿಂದ ಚಿಕಿತ್ಸೆ ಮಾಡುವವರು. ಹೆಸರು ಒಂದೇ, ಕೆಲಸ ಬೇರೆ ಬೇರೆ. ನಾನು ಕಲಿತದ್ದು ಎರಡನೆಯ ಬಗೆಯದು.

ಮೊದಲ ವರ್ಷವೆಲ್ಲ ಗುರುತು ಹಿಡಿಯುವುದರಲ್ಲೇ ಹೋಯಿತು. ತಲೆ ಬಗ್ಗಿಸಿದಾಗ ಕುತ್ತಿಗೆಯ ಬುಡದಲ್ಲಿ ಎದ್ದು ಕಾಣುವ ಏಳನೆಯ ಮಣಿ. ಹೆಗಲೆಲುಬಿನ ಕೆಳತುದಿಯಿಂದ ಅಡ್ಡಗೆರೆ ಎಳೆದರೆ ಎದೆಭಾಗದ ಏಳನೆಯ ಮಣಿಯ ಆಸುಪಾಸು. ಸೊಂಟದ ಮೂಳೆಯ ಎರಡು ಅಂಚುಗಳ ಮೇಲೆ ಕೈಯಿಟ್ಟು ಹೆಬ್ಬೆರಳುಗಳನ್ನು ಬೆನ್ನಿನ ನಡುವಿಗೆ ತಂದರೆ ಸೊಂಟದ ನಾಲ್ಕನೆಯ ಮಣಿ. ಪುಸ್ತಕದಲ್ಲಿ ಇದು ಎಷ್ಟು ಸಲೀಸು! ಒಂದು ದಿನ ನಾನು ಅಂಗಿ ಕಳಚಿ ಬೋರಲು ಮಲಗಿದೆ, ಐವರು ಸಹಪಾಠಿಗಳು ಒಬ್ಬೊಬ್ಬರಾಗಿ ಬಂದು ಆ ನಾಲ್ಕನೆಯ ಮಣಿಯನ್ನು ಚರ್ಮದ ಮೇಲೆ ಬರೆಯುವ ಪೆನ್ಸಿಲಿನಿಂದ ಗುರುತು ಮಾಡಿದರು. ಮೊದಲ ಗುರುತು ಕಾಣದಿರಲೆಂದು ಪ್ರತಿ ಸಲವೂ ಅದರ ಮೇಲೆ ಪಟ್ಟಿ ಅಂಟಿಸುತ್ತಿದ್ದರು. ಕೊನೆಗೆ ಪಟ್ಟಿಗಳನ್ನು ಬಿಚ್ಚಿ ಫೋಟೋ ತೆಗೆದು ತೋರಿಸಿದಾಗ ನನ್ನ ಬೆನ್ನಿನ ಮೇಲೆ ಐದು ಬಣ್ಣದ ಐದು ಗೆರೆಗಳು, ಮೇಲಿನದಕ್ಕೂ ಕೆಳಗಿನದಕ್ಕೂ ನಡುವೆ ಎರಡು ಮಣಿಗಳಷ್ಟು ಅಂತರ. ಯಾರ ಗೆರೆ ಸರಿ ಎಂದು ಕೇಳಿದೆವು. ಎಕ್ಸ್‌ರೇ ತೆಗೆಯದೆ ಹೇಳಲಾಗದು ಎಂದು ಮೇಡಂ ನಕ್ಕರು.

ಮಾದರಿಯಾಗಿ ಮಲಗುವ ಸರದಿ ಎಲ್ಲರಿಗೂ ಬರುತ್ತಿತ್ತು. ಅದರಿಂದ ಕಲಿತದ್ದು ಯಾವ ಪಠ್ಯದಲ್ಲೂ ಇರಲಿಲ್ಲ. ತಣ್ಣನೆಯ ಕೈ ತಾಗಿದರೆ ಬೆನ್ನು ತಾನಾಗಿ ಸೆಟೆಯುತ್ತದೆ. ಅನುಮಾನಿಸುತ್ತಾ ಮುಟ್ಟುವ ಕೈ ಕಚಗುಳಿ ಇಡುತ್ತದೆ. ಏನೂ ಹೇಳದೆ ಒಂದೇ ಜಾಗಕ್ಕೆ ಮೂರು ಸಲ ಹಿಂದಿರುಗುವ ಬೆರಳು ಮಲಗಿದವನಲ್ಲಿ ಭಯ ಹುಟ್ಟಿಸುತ್ತದೆ: ಅಲ್ಲೇನೋ ಇದೆಯೇ? ಈಗ ನಾನು ಮುಟ್ಟುವ ಮೊದಲು ಎಲ್ಲಿ, ಏಕೆ ಎಂದು ಹೇಳುತ್ತೇನೆ.

ಗುರುತು ಹಿಡಿಯುವುದು ಕೈಗೆ ಹತ್ತಿದ ಮೇಲೆ ಹದ ನೋಡುವ ಪಾಠ. ಚರ್ಮವನ್ನು ಮಾತ್ರ ಜರುಗಿಸು, ಈಗ ಅದರಡಿಯ ಕೊಬ್ಬು, ಈಗ ಸ್ನಾಯುವನ್ನು ಸುತ್ತಿದ ಪೊರೆ, ಈಗ ಸ್ನಾಯು, ಅದರಾಚೆ ಮೂಳೆ. ನಾಲ್ಕು ವಿಷಯಗಳನ್ನು ಹುಡುಕಬೇಕು: ಅಂಗಾಂಶದ ಹದ ಬದಲಾಗಿದೆಯೇ, ಎಡಬಲಗಳಲ್ಲಿ ವ್ಯತ್ಯಾಸವಿದೆಯೇ, ಚಲನೆ ಎಲ್ಲಿ ತಡೆಯುತ್ತದೆ, ಒತ್ತಿದರೆ ನೋಯುತ್ತದೆಯೇ. ಚಲನೆಯ ತಡೆ ತಿಳಿದ ದಿನ ನನಗೆ ಇನ್ನೂ ನೆನಪಿದೆ. ಜೊತೆಗಾರನ ಕತ್ತನ್ನು ಎಡಕ್ಕೆ ತಿರುಗಿಸುತ್ತಾ ಹೋದರೆ, ಕೊನೆ ಮುಟ್ಟುವ ಮೊದಲೇ ಒಂದು ಕಡೆ ಅದು ಮೆತ್ತಗೆ ಬಿಗಿಯಾಗುತ್ತದೆ. ಬಲಕ್ಕೆ ಆ ಬಿಗಿ ತಡವಾಗಿ ಬರುತ್ತದೆ. ಒದ್ದೆ ಹಗ್ಗ ಎಳೆದಾಗ ಬರುವ ಬಿಗಿಗೂ ಬಾಗಿಲು ಚೌಕಟ್ಟಿಗೆ ತಾಗಿದಾಗ ಬರುವ ಬಿಗಿಗೂ ಇರುವ ವ್ಯತ್ಯಾಸ ಕೈಗೆ ತಿಳಿಯುತ್ತದೆ. ಎಂಟು ವರ್ಷ ನಾನು ಕೊನೆಯವರೆಗೂ ತಳ್ಳಿ ಡಿಗ್ರಿ ಅಳೆದಿದ್ದೆ. ನಡುದಾರಿಯಲ್ಲಿ ಏನಾಗುತ್ತದೆ ಎಂದು ನೋಡಿರಲೇ ಇಲ್ಲ.

ಅಲ್ಲಿಂದ ಆರು ತಿಂಗಳು ನಾನು ಸಹಿಸಲಾಗದ ಮನುಷ್ಯನಾಗಿದ್ದೆ. ಕಂಡಕಂಡವರ ಸೊಂಟ ಓರೆಯಾಗಿ ಕಾಣುತ್ತಿತ್ತು. ಸಾಲಿನಲ್ಲಿ ಮುಂದೆ ನಿಂತವರ ಹೆಗಲು ಒಂದು ಬೆರಳು ತಗ್ಗು, ಬಸ್ಸಿನಲ್ಲಿ ಕೂತವರ ಕತ್ತು ಬಲಕ್ಕೆ ವಾಲಿದೆ. ಮನೆಯವರ ಬೆನ್ನುಗಳನ್ನೂ ಬಿಡಲಿಲ್ಲ. ಹುಡುಕಿದರೆ ಸಿಕ್ಕೇ ಸಿಗುತ್ತಿತ್ತು, ಸಿಕ್ಕಿದ್ದೆಲ್ಲವೂ ರೋಗದಂತೆ ತೋರುತ್ತಿತ್ತು.

ಆ ಅಮಲು ಇಳಿದದ್ದು ಎರಡನೆಯ ವರ್ಷದ ಒಂದು ಮಧ್ಯಾಹ್ನ. ಸೊಂಟದ ಹಿಂದೆ, ಎರಡೂ ಕಡೆ ಕುಳಿ ಬೀಳುವಲ್ಲಿ, ಮೂಳೆಯ ಎರಡು ಗಂಟುಗಳು ಸಿಗುತ್ತವೆ. ರೋಗಿ ನಿಂತಲ್ಲೇ ಮುಂದಕ್ಕೆ ಬಾಗುತ್ತಾನೆ, ಆ ಗಂಟುಗಳ ಮೇಲೆ ಹೆಬ್ಬೆರಳಿಟ್ಟ ನಾವು ಯಾವುದು ಮೊದಲು, ಹೆಚ್ಚು ಮೇಲೇರುತ್ತದೆ ಎಂದು ನೋಡುತ್ತೇವೆ. ಏರಿದ ಕಡೆಯ ಕೀಲಿನಲ್ಲಿ ದೋಷ ಎಂಬುದು ಲೆಕ್ಕ. ಮೇಡಂ ಒಬ್ಬರನ್ನೇ ನಿಲ್ಲಿಸಿ, ನಾವು ಹನ್ನೆರಡು ಮಂದಿಯೂ ಒಬ್ಬರಿಗೊಬ್ಬರು ಹೇಳದೆ ಪರೀಕ್ಷಿಸಿ ಚೀಟಿ ಬರೆದುಕೊಡಲು ಹೇಳಿದರು. ಐದು ಚೀಟಿಗಳಲ್ಲಿ ಎಡ, ನಾಲ್ಕರಲ್ಲಿ ಬಲ, ಮೂರರಲ್ಲಿ ಸಮ. ನಾನು ಎಡ ಎಂದು ಬರೆದು ಕೆಳಗೆ ಅಡ್ಡಗೆರೆ ಎಳೆದಿದ್ದೆ, ಅಷ್ಟು ಖಚಿತ. ಮೇಡಂ ಮಾತಾಡದೆ ಎಲ್ಲರಿಗೂ ಇನ್ನೊಮ್ಮೆ ಪರೀಕ್ಷಿಸಲು ಹೇಳಿದರು. ಎರಡನೆಯ ಸಲ ನನಗೇ ಬಲ ಎಂದು ಕಂಡಿತು.

ಇದು ನಮ್ಮ ತರಗತಿಯ ದಡ್ಡತನವಷ್ಟೇ ಅಲ್ಲ. ಇಂಥ ಪರೀಕ್ಷೆಗಳಲ್ಲಿ ಇಬ್ಬರು ಅನುಭವಿಗಳ ನಡುವೆಯೂ ಹೊಂದಿಕೆ ಕಡಿಮೆ ಎಂದು ಅಧ್ಯಯನಗಳು ಮತ್ತೆ ಮತ್ತೆ ಹೇಳಿವೆ. ಮೂಳೆಯ ಸ್ಥಾನ, ಸ್ನಾಯುವಿನ ಬಿಗಿ ಇವುಗಳಿಗಿಂತ ಒತ್ತಿದಾಗ ರೋಗಿ ಹೇಳುವ ನೋವಿನ ಬಗ್ಗೆಯೇ ಪರೀಕ್ಷಕರ ನಡುವೆ ಹೆಚ್ಚು ಒಮ್ಮತ ಸಿಗುತ್ತದೆ. ಬೆನ್ನಿನ ಮಣಿಗಳು ಬಾಗುವಾಗ ಹೇಗೆ ತಿರುಗುತ್ತವೆ ಎಂದು ಅಮೆರಿಕದ ಆಸ್ಟಿಯೋಪಥ್ ಫ್ರೈಯೆಟ್ 1918ರಲ್ಲಿ ಹೇಳಿದ ನಿಯಮಗಳನ್ನು ನಾವು ಮಗ್ಗಿಯಂತೆ ಬಾಯಿಪಾಠ ಮಾಡಿದ್ದೆವು. ನಂತರದ ಅಳತೆಗಳಲ್ಲಿ ಎಷ್ಟೋ ಬೆನ್ನುಗಳು ಆ ನಿಯಮಕ್ಕೆ ಸೊಪ್ಪು ಹಾಕುವುದಿಲ್ಲ ಎಂದು ತಿಳಿಯಿತು. ಆ ರಾತ್ರಿ ಫೀಸು ವಾಪಸು ಕೇಳುವ ಪತ್ರವೊಂದನ್ನು ಬರೆದೆ. ಕಳುಹಿಸಲಿಲ್ಲ.

ಬಿಟ್ಟು ಹೋಗದಂತೆ ತಡೆದದ್ದು ಚಿಕಿತ್ಸೆಯ ಪಾಠಗಳು. ನನಗೆ ಮೊದಲು ಒಲಿದದ್ದು ಆಸ್ಟಿಯೋಪಥ್ ಫ್ರೆಡ್ ಮಿಚೆಲ್ ರೂಪಿಸಿದ ಮಸಲ್ ಎನರ್ಜಿ ಎಂಬ ವಿಧಾನ. ಕೀಲನ್ನು ಬಿಗಿ ಶುರುವಾಗುವ ಜಾಗದವರೆಗೆ ಒಯ್ದು ಅಲ್ಲೇ ನಿಲ್ಲಿಸಬೇಕು. ರೋಗಿ ಎದುರು ದಿಕ್ಕಿಗೆ ಮೆಲ್ಲಗೆ ತಳ್ಳುತ್ತಾನೆ, ನಾವು ಅಲುಗಾಡದಂತೆ ತಡೆಯುತ್ತೇವೆ. ಮೂರರಿಂದ ಐದು ಸೆಕೆಂಡು. ಬಿಡು ಎನ್ನಬೇಕು, ಅವನು ಪೂರ್ತಿ ಸಡಿಲವಾಗುವವರೆಗೆ ಕಾಯಬೇಕು, ಆಮೇಲೆ ಹೊಸ ತಡೆಯವರೆಗೆ ಒಯ್ಯಬೇಕು. ಮೂರರಿಂದ ಐದು ಸಲ. ಎಲ್ಲ ಕಷ್ಟ ಇರುವುದು ಆ ಕಾಯುವುದರಲ್ಲಿ. ನಾನು ಮೊದಮೊದಲು ಬಿಡು ಎಂದ ಕೂಡಲೇ ಎಳೆಯುತ್ತಿದ್ದೆ, ಸ್ನಾಯು ಮತ್ತೆ ಗುದ್ದಾಡುತ್ತಿತ್ತು. ಜೊತೆಗಾರರ ಉಸಿರು ಹೊರಬಿದ್ದು ಹೊಟ್ಟೆ ಇಳಿಯುವುದನ್ನು ನೋಡಿಕೊಂಡು ಎಳೆದಾಗ ತಾನಾಗಿ ಬಂತು. ಏಕೆ ಬರುತ್ತದೆ ಎಂಬ ಬಗ್ಗೆ ಈಗಲೂ ಜಗಳವಿದೆ. ಸ್ನಾಯು ಉದ್ದವಾಗುವುದಕ್ಕಿಂತ ಎಳೆತವನ್ನು ನರಮಂಡಲ ಸಹಿಸಿಕೊಳ್ಳುವುದು ಹೆಚ್ಚುತ್ತದೆ ಎಂಬ ವಿವರಣೆ ನನಗೆ ಹಿಡಿಸುತ್ತದೆ.

ಕೌಂಟರ್‌ಸ್ಟ್ರೇನ್ ಇನ್ನೂ ವಿಚಿತ್ರ. 1955ರಲ್ಲಿ ಲಾರೆನ್ಸ್ ಜೋನ್ಸ್ ಎಂಬ ಆಸ್ಟಿಯೋಪಥ್ ಬಳಿ, ನೆಟ್ಟಗೆ ನಿಲ್ಲಲಾಗದ, ರಾತ್ರಿ ನಿದ್ದೆಯಿಲ್ಲದ ರೋಗಿಯೊಬ್ಬ ಬರುತ್ತಿದ್ದ. ಯಾವ ಚಿಕಿತ್ಸೆಯೂ ಫಲಿಸದಾಗ, ಕನಿಷ್ಠ ನೋವಿಲ್ಲದೆ ಮಲಗುವ ಭಂಗಿಯನ್ನಾದರೂ ಹುಡುಕೋಣವೆಂದು ಜೋನ್ಸ್ ದಿಂಬು ಒಟ್ಟಿ, ಕಾಲು ಮಡಚಿ ಮಲಗಿಸಿ ಬೇರೆ ರೋಗಿಯನ್ನು ನೋಡಲು ಹೋದ. ಹಿಂದಿರುಗಿ ಎಬ್ಬಿಸಿದರೆ ಆತ ನೆಟ್ಟಗೆ ನಿಂತ. ಅಲ್ಲಿಂದ ಹುಟ್ಟಿದ ವಿಧಾನವಿದು: ನೋಯುವ ಬಿಂದುವಿನ ಮೇಲೆ ಬೆರಳಿಟ್ಟು, ಅಲ್ಲಿನ ನೋವು ಬಹುಪಾಲು ಇಳಿಯುವ ಭಂಗಿ ಸಿಗುವವರೆಗೆ ಕೈಕಾಲು ಆಡಿಸಿ, 90 ಸೆಕೆಂಡು ಹಿಡಿದು, ನಿಧಾನಕ್ಕೆ ವಾಪಸು ತರುವುದು. ಸಾಕ್ಷ್ಯ ತೆಳುವಾದದ್ದೇ. ಆದರೆ ಭಯಗೊಂಡ ರೋಗಿಗೆ ಇದಕ್ಕಿಂತ ಸೌಮ್ಯವಾದ ಆರಂಭ ನನಗೆ ತಿಳಿದಿಲ್ಲ.

ತಲೆಬುರುಡೆಯ ಮೇಲೆ ಕೈಯಿಟ್ಟು ಅದರ 'ಲಯ' ಎಣಿಸುವ ಪಾಠವೂ ಇತ್ತು. ಎಂಟು ಮಂದಿ ಎಂಟು ಲೆಕ್ಕ ಕೊಟ್ಟೆವು. ನಾನು ಎಣಿಸಿದ್ದು ನನ್ನ ಬೆರಳಿನ ನಾಡಿಯನ್ನೇ ಎಂದು ನನ್ನ ಗುಮಾನಿ. ಆ ಅಧ್ಯಾಯವನ್ನು ಪರೀಕ್ಷೆಗೆ ಓದಿ ಅಲ್ಲಿಗೇ ಬಿಟ್ಟೆ.

ಇನ್ನು ಥ್ರಸ್ಟ್, ಅಂದರೆ ಕೀಲಿಗೆ ಥಟ್ಟನೆ ಕೊಡುವ ಸಣ್ಣ ತಳ್ಳು. ಸೇರುವಾಗ ಎಲ್ಲರ ಕಣ್ಣೂ ಇದರ ಮೇಲೆಯೇ. ಬೆನ್ನು ಲಟಕ್ಕೆಂದು ಶಬ್ದ ಮಾಡಬೇಕು! ನೆಟಿಕೆ ಮುರಿದಾಗ ಬರುವ ಸದ್ದೇ ಅದು: ಕೀಲಿನೊಳಗಿನ ದ್ರವದಲ್ಲಿ ಒತ್ತಡ ಕುಸಿದು ಅನಿಲದ ಪೊಳ್ಳು ಉಂಟಾಗುತ್ತದೆ, ಬೆರಳಿನ ಕೀಲನ್ನು ಎಳೆಯುತ್ತಲೇ ಎಂಆರ್‌ಐ ತೆಗೆದು 2015ರಲ್ಲಿ ಇದನ್ನು ತೋರಿಸಿದರು. ಅದೇ ಕೀಲು ಮತ್ತೆ ಸದ್ದು ಮಾಡಲು ಸುಮಾರು ಇಪ್ಪತ್ತು ನಿಮಿಷ ಬೇಕು. ಸದ್ದಾದರೆ ಮೂಳೆ ಸ್ವಸ್ಥಾನಕ್ಕೆ ಸೇರಿತು ಎಂದಲ್ಲ, ಸದ್ದಾಗದಿದ್ದರೆ ಕೆಲಸ ಕೆಟ್ಟಿತು ಎಂದೂ ಅಲ್ಲ. ಇದೆಲ್ಲ ತಲೆಗೆ ಗೊತ್ತಿದ್ದರೂ ನನ್ನ ಕೈ ಸದ್ದಿಗಾಗಿ ಹಪಹಪಿಸುತ್ತಿತ್ತು. ಒಮ್ಮೆ ಸಹಪಾಠಿಯ ಬೆನ್ನಿನ ಮೇಲ್ಭಾಗಕ್ಕೆ ಥ್ರಸ್ಟ್ ಕೊಟ್ಟೆ, ಸದ್ದಾಗಲಿಲ್ಲ. ಎರಡನೆಯ ಸಲವೂ ಇಲ್ಲ. ಆತ "ಸಾಕು ಮಾರಾಯ" ಎನ್ನುವಷ್ಟರಲ್ಲಿ ಮೂರನೆಯದು, ಮೈಭಾರವನ್ನೆಲ್ಲ ಹಾಕಿ. ಸದ್ದು ಬಂತು. ಜೊತೆಗೆ ಪಕ್ಕೆಲುಬಿನ ಬಳಿ ಹತ್ತು ದಿನ ಉಳಿದ ನೋವೂ ಬಂತು, ಸೀನಿದಾಗೆಲ್ಲ ಅವನು ನನ್ನ ಕಡೆ ನೋಡುತ್ತಿದ್ದ. ಅವನು ಸಾಕು ಎಂದದ್ದು ನನಗೆ ಕೇಳಿಸಿತ್ತು. ಇದನ್ನು ಬರೆಯುವುದು ಸುಲಭವಲ್ಲ.

ಸರಿಯಾದ ಥ್ರಸ್ಟ್‌ನಲ್ಲಿ ಬಲ ಕಡಿಮೆ, ದೂರ ಇನ್ನೂ ಕಡಿಮೆ, ವೇಗ ಮಾತ್ರ ಹೆಚ್ಚು. ನಿಂತ ಕಾಲುಗಳ ನಡುವಿನ ಅಂತರ, ಮಂಚದ ಎತ್ತರ, ಮೈಯನ್ನು ಕೀಲಿನ ನೇರಕ್ಕೆ ತರುವುದು, ಇವುಗಳಲ್ಲೇ ಮುಕ್ಕಾಲು ಕೆಲಸ ಮುಗಿದಿರುತ್ತದೆ. ಕುತ್ತಿಗೆಯ ಥ್ರಸ್ಟನ್ನೂ ಕಲಿತೆ, ಪರೀಕ್ಷೆಯಲ್ಲಿ ಮಾಡಿ ತೋರಿಸಿದೆ. ಈಗ ಮಾಡುವುದಿಲ್ಲ. ಕತ್ತಿನ ರಕ್ತನಾಳ ಸೀಳುವ ಅಪಾಯ ಅಪರೂಪದ್ದು ನಿಜ, ಆದರೆ ಹಾಗೆ ಸೀಳಿರುವುದರ ಮೊದಲ ಲಕ್ಷಣವೇ ಹಠಾತ್ ಕತ್ತುನೋವು, ತಲೆನೋವು ಆಗಿರಬಹುದು. ಆ ನೋವಿಗೇ ಪರಿಹಾರ ಕೇಳಿಕೊಂಡು ರೋಗಿ ನನ್ನ ಬಾಗಿಲಿಗೆ ಬರುತ್ತಾನೆ. ಸೌಮ್ಯವಾದ ಬೇರೆ ದಾರಿಗಳಿರುವಾಗ ನನಗೆ ಆ ಜೂಜು ಬೇಡ.

ಮೂರನೆಯ ವರ್ಷ ಕ್ಲಿನಿಕ್. ನಡುವಯಸ್ಸಿನ ವಾಹನ ಚಾಲಕರೊಬ್ಬರು ಬಂದರು. ವರ್ಷಗಳಿಂದ ಸೊಂಟನೋವು, ಒಂದು ವಾರದಿಂದ ಎರಡೂ ಕಾಲುಗಳಿಗೆ ಛಳುಕು. ನಾನು ಉತ್ಸಾಹದಿಂದ ಇಪ್ಪತ್ತು ನಿಮಿಷ ಪರೀಕ್ಷಿಸಿದೆ. ಮಲಗಿಸಿ ಕಾಲನ್ನು ನೆಟ್ಟಗೆ ಎತ್ತಿದೆ, 40 ಡಿಗ್ರಿಗೇ ಮೀನಖಂಡದವರೆಗೆ ನೋವು ಇಳಿಯಿತು. ಬಲ ಹಿಮ್ಮಡಿಯ ರಿಫ್ಲೆಕ್ಸ್ ಮಂದ. ಬೆನ್ನೆಲುಬಿನ ಬುಡದ ಮೂಳೆ ಸೇಕ್ರಮ್‌ನ ಬಳಿ ಬಿಗಿ, ಅಲ್ಲಿ ಎರಡು ಮೂರು ನೋವಿನ ಬಿಂದುಗಳು. ಹೊರಗೆ ಬಂದು ಮೇಲ್ವಿಚಾರಕರಿಗೆ ಚೆಂದದ ವರದಿ ಒಪ್ಪಿಸಿದೆ. ಅವರು ಒಂದೇ ಪ್ರಶ್ನೆ ಕೇಳಿದರು: "ಮೂತ್ರದ ವಿಷಯ ಕೇಳಿದಿರಾ?"

ಕೇಳಿರಲಿಲ್ಲ. ಪಟ್ಟಿ ನನಗೆ ಬಾಯಿಪಾಠವಾಗಿತ್ತು: ಮೂತ್ರ ಕಟ್ಟುವುದು, ಮಲದ ಹಿಡಿತ ತಪ್ಪುವುದು, ತೊಡೆಸಂದಿ ಮತ್ತು ಕೂರುವ ಭಾಗ ಮರಗಟ್ಟುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಜ್ವರ, ಹಿಂದೆ ಕ್ಯಾನ್ಸರ್ ಆಗಿದ್ದದ್ದು, ಯಾವ ಭಂಗಿಗೂ ಬಗ್ಗದ ರಾತ್ರಿಯ ನೋವು. ಆದರೆ ಆ ದಿನ ನನ್ನ ಕೈಗೆ ಸಿಗುತ್ತಿದ್ದ ಸಂಗತಿಗಳ ಖುಷಿಯಲ್ಲಿ ಬಾಯಿ ಕಟ್ಟಿಹೋಗಿತ್ತು. ಒಳಗೆ ಹೋಗಿ ಕೇಳಿದೆವು. ಅವರು ಗೋಡೆಯ ಕಡೆ ನೋಡುತ್ತಾ, "ನಿನ್ನೆಯಿಂದ ಸ್ವಲ್ಪ ತಡವಾಗಿ ಬರುತ್ತದೆ. ವಯಸ್ಸಾಯಿತಲ್ಲ" ಎಂದರು. ಒರೆಸುವಾಗ ಸ್ಪರ್ಶ ಸರಿಯಾಗಿ ತಿಳಿಯುತ್ತದೆಯೇ ಎಂದು ಮೇಲ್ವಿಚಾರಕರು ಕೇಳಿದರು. ಅವರು ತಲೆಯಾಡಿಸಿ ಇಲ್ಲ ಎಂದರು. ಹತ್ತು ನಿಮಿಷದಲ್ಲಿ ಪತ್ರ ಬರೆದು ತುರ್ತು ಚಿಕಿತ್ಸೆಗೆ ಕಳುಹಿಸಿದೆವು. ಬೆನ್ನುಹುರಿಯ ಕೆಳಗಿನ ನರಗಳ ಗೊಂಚಲನ್ನು ಮಣಿಗಳ ನಡುವಿನ ಮೆತ್ತೆಯಾದ ಡಿಸ್ಕ್ ಅಮುಕಿತ್ತು. ಅಂದು ರಾತ್ರಿಯೇ ಶಸ್ತ್ರಚಿಕಿತ್ಸೆಯಾಯಿತು. ನಾನು ಆ ನರಗಳಿಂದ ನಾಲ್ಕು ಬೆರಳು ದೂರದಲ್ಲಿ ಕೈಯಿಟ್ಟು ಸ್ನಾಯುವಿನ ಹದ ನೋಡುತ್ತಾ ಕೂತಿದ್ದೆ. ಆಮೇಲಿನಿಂದ ಆ ಪ್ರಶ್ನೆಗಳನ್ನು ಮುಟ್ಟುವ ಮೊದಲೇ ಕೇಳಿಬಿಡುತ್ತೇನೆ. ನಾಚಿಕೆಪಡುವವರಿಗೆ ಇದನ್ನು ಎಲ್ಲರಲ್ಲೂ ಕೇಳುತ್ತೇನೆ ಎಂದೂ ಹೇಳುತ್ತೇನೆ.

ಇನ್ನೊಬ್ಬ ರೋಗಿಯಿಂದ ಬಾಯಿಯ ಬಗ್ಗೆ ಬೇರೆ ಪಾಠ ಸಿಕ್ಕಿತು. ಅವರಿಗೆ ಯಾರೋ "ನಿಮ್ಮ ಸೊಂಟದ ಮೂಳೆ ಜಾರಿದೆ" ಎಂದಿದ್ದರು. ಅಂದಿನಿಂದ ಎರಡು ವರ್ಷ ಅವರು ನೆಲದ ಮೇಲಿನ ವಸ್ತುವನ್ನು ಬಗ್ಗಿ ಎತ್ತಿರಲಿಲ್ಲ, ಜಾರಿದ್ದು ಬಿದ್ದೇ ಹೋದರೆ ಎಂಬ ಭಯ. ಚೀಲದಿಂದ ಸ್ಕ್ಯಾನ್ ವರದಿ ತೆಗೆದು 'ಡಿಸ್ಕ್ ಸವೆದಿದೆ' ಎಂಬ ಸಾಲಿನ ಮೇಲೆ ಬೆರಳಿಟ್ಟರು. ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಇಪ್ಪತ್ತರ ವಯಸ್ಸಿನವರಲ್ಲಿ ಶೇ 37, ಎಂಬತ್ತರವರಲ್ಲಿ ಶೇ 96 ಮಂದಿಗೆ ಈ ಸವೆತ ಇತ್ತು. ನಾನು ಅದನ್ನು ನರೆಗೂದಲಿಗೆ ಹೋಲಿಸಿ ಹೇಳಿದೆ. ಅವರು ನಂಬಲಿಲ್ಲ. ನಂಬಿಸಿದ್ದು ಅಂಕಿಯಲ್ಲ, ಮಂಚದ ಅಂಚಿಗೆ ಕೂರಿಸಿ, ಎರಡು ಸಲ ಮಸಲ್ ಎನರ್ಜಿ ಮಾಡಿ, ಕೈಗಳನ್ನು ಮಂಡಿಯ ಮೇಲಿಂದ ಜಾರಿಸುತ್ತಾ ಬಗ್ಗಿಸಿದಾಗ ಅವರ ಬೆರಳು ನೆಲ ಮುಟ್ಟಿದ್ದು. ಕೈಚಿಕಿತ್ಸೆ ತೆರೆದುಕೊಡುವುದು ಇಂಥ ಸಣ್ಣ ಕಿಂಡಿಯನ್ನು, ಆ ಹೊತ್ತಿನಲ್ಲೇ ಚಲನೆಯನ್ನು ನುಗ್ಗಿಸಬೇಕು. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಹೊರಡಿಸುವ ನೈಸ್ ಸಂಸ್ಥೆ 2016ರಲ್ಲಿ ಸೊಂಟನೋವಿಗೆ ಕೈಚಿಕಿತ್ಸೆಯನ್ನು ವ್ಯಾಯಾಮದ ಜೊತೆ ಮಾತ್ರ ಪರಿಗಣಿಸಿ ಎಂದಿದೆ. ಹೀಗೆ ನಾನು ಬೇಸತ್ತು ಬಿಟ್ಟುಬಂದ ವ್ಯಾಯಾಮದ ಹಾಳೆ ಮತ್ತೆ ನನ್ನ ಮೇಜಿಗೆ ಬಂತು. ಈಗ ಅದರಲ್ಲಿ ಎರಡೇ ಸಾಲು ಇರುತ್ತವೆ, ಕೈಬರಹದಲ್ಲಿ.

ಈಗ ಪರೀಕ್ಷೆಯ ಕ್ರಮವೂ ಸರಳವಾಗಿದೆ. ರೋಗಿಗೆ ಯಾವ ಕೆಲಸ ಕಷ್ಟವೋ ಅದನ್ನೇ ಮಾಡಿಸಿ ನೋಡುತ್ತೇನೆ, ಕೈಗೆ ಸಿಕ್ಕ ಬಿಗಿಯಲ್ಲಿ ಒಂದನ್ನು ಆರಿಸಿ ಚಿಕಿತ್ಸೆ ಮಾಡುತ್ತೇನೆ, ಮತ್ತೆ ಅದೇ ಕೆಲಸ ಮಾಡಿಸುತ್ತೇನೆ. ಬದಲಾಗದಿದ್ದರೆ ನನ್ನ ಊಹೆ ತಪ್ಪು, ಇನ್ನೊಂದು ಕಡೆ ನೋಡಬೇಕು. ಯಾವ ಗಂಟು ಮೇಲಿದೆ ಎಂದು ಬರೆಯುವುದನ್ನು ಬಿಟ್ಟಿದ್ದೇನೆ.

ಕೊನೆಯ ಪ್ರಾಯೋಗಿಕ ಪರೀಕ್ಷೆಯಲ್ಲಿ ನನಗೆ ಸಿಕ್ಕವರು ಎಪ್ಪತ್ತು ದಾಟಿದ ಹಿರಿಯರು. ಬಲ ಸೊಂಟ ಹಿಡಿದುಕೊಂಡು ಕಾಲುಚೀಲ ಹಾಕಿಕೊಳ್ಳಲು ಆಗುವುದಿಲ್ಲ ಎಂಬುದೇ ಅವರ ದೂರು. ಹಾಕಿಕೊಳ್ಳಲು ಹೇಳಿದಾಗ ಕೈ ಮಂಡಿಯಿಂದ ಒಂದು ಗೇಣು ಕೆಳಗೆ ಹೋಗಿ ನಿಂತಿತು. ತೊಡೆಯ ಕೀಲಿಗೆ ಒಂದಿಷ್ಟು ಕೆಲಸ ಮಾಡಿದೆ, ಕೊನೆಯಲ್ಲಿ ಮತ್ತೆ ಹಾಕಿಕೊಳ್ಳಿ ಎಂದೆ. ಸರಾಗವಾಗಿ ಹಾಕಿಕೊಂಡರು. ಪರೀಕ್ಷಕರು ಏನೋ ಬರೆದುಕೊಂಡರು. ನಾನು ಒಳಗೊಳಗೇ ಹಿಗ್ಗುತ್ತಿದ್ದಾಗ ಕಂಡಿತು, ಅವರು ಹಾಕಿಕೊಂಡದ್ದು ಎಡಗಾಲಿಗೆ.

"ಇದಲ್ಲ, ಆ ಕಾಲು" ಎಂದೆ.

"ಈ ಕಾಲು ಮೊದಲಿನಿಂದಲೂ ಚೆನ್ನಾಗಿಯೇ ಇದೆ" ಎಂದು ಅವರು ನಕ್ಕು, ಕಾಲು ಬದಲಿಸಿದರು. ಕೈ ನಿಧಾನಕ್ಕೆ ಇಳಿಯುತ್ತಾ ಕಣಕಾಲಿನವರೆಗೆ ಹೋಯಿತು, ಅಲ್ಲಿ ನಿಂತಿತು. ಬೆರಳುಗಳಿಗೆ ಇನ್ನೂ ಒಂದು ಗೇಣು ಬಾಕಿ. ನಾನು ಹಾಳೆಯಲ್ಲಿ 'ಕಣಕಾಲಿನವರೆಗೆ' ಎಂದು ಬರೆದೆ.